ಲಾರ್ಡ್ ಪದವಿ ಬೇಡವೆಂದ ಟೋನಿ ಬೆನ್: ಬ್ರಿಟನ್ನಿನ ಎಡಪಂಥ ಕೇಳಿದ ಒಂದೇ ಪ್ರಶ್ನೆ

1961ರ ಮೇ 4ರಂದು ಇಂಗ್ಲೆಂಡಿನ ಬ್ರಿಸ್ಟಲ್ ಆಗ್ನೇಯ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಲೇಬರ್ ಪಕ್ಷದ ಅಭ್ಯರ್ಥಿಗೆ 23,275 ಮತ, ಕನ್ಸರ್ವೇಟಿವ್ ಅಭ್ಯರ್ಥಿಗೆ 10,231 ಮತ. ಕೆಲವೇ ದಿನಗಳಲ್ಲಿ ಗೆದ್ದ ಅಭ್ಯರ್ಥಿ ಲಂಡನ್ನಿನ ಸಂಸತ್ ಭವನಕ್ಕೆ ಬಂದರು. ಸದನದ ಬಾಗಿಲಲ್ಲಿ ನಿಂತಿದ್ದ ದ್ವಾರಪಾಲಕ ಒಳಗೆ ಬಿಡಲಿಲ್ಲ. ಬಿಡಕೂಡದೆಂದು ಸ್ಪೀಕರ್ ಅವರೇ ಆಜ್ಞೆ ಮಾಡಿದ್ದರು. ಜುಲೈನಲ್ಲಿ ಚುನಾವಣಾ ನ್ಯಾಯಾಲಯ ತೀರ್ಪು ಕೊಟ್ಟಿತು: 13,044 ಮತಗಳಿಂದ ಸೋತವರೇ ಆ ಕ್ಷೇತ್ರದ ಸಂಸದ.

ಮತ ಎಣಿಕೆಯಲ್ಲಿ ಮೋಸ ನಡೆದಿರಲಿಲ್ಲ. ಹಣ ಹಂಚಿದ ಆರೋಪವೂ ಇರಲಿಲ್ಲ. ಗೆದ್ದವರ ತಂದೆ ಆರು ತಿಂಗಳ ಹಿಂದೆ ತೀರಿಕೊಂಡಿದ್ದರು ಎಂಬುದಷ್ಟೇ ಕಾರಣ.

ಗೆದ್ದೂ ಸೋತ ಆ ಅಭ್ಯರ್ಥಿ ಟೋನಿ ಬೆನ್. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನ ಎಡಪಂಥ ಎಂದರೆ ಮೊದಲು ನೆನಪಾಗುತ್ತಿದ್ದ ಹೆಸರು. ಅಲ್ಲಿನ ಬಲಪಂಥೀಯ ಪತ್ರಿಕೆಗಳು ಅವರನ್ನು ದೇಶದ ಅತ್ಯಂತ ಅಪಾಯಕಾರಿ ಮನುಷ್ಯ ಎಂದವು, ಅವರದೇ ಪಕ್ಷದ ಅನೇಕರು ಪಕ್ಷ ಒಡೆದವರು ಎಂದು ದೂರಿದರು. ಕೊನೆಗಾಲದಲ್ಲಿ ಪೈಪು ಸೇದುತ್ತ, ದೊಡ್ಡ ಲೋಟದಲ್ಲಿ ಚಹಾ ಕುಡಿಯುತ್ತ ಕೂತ ಹಿರಿಯರಾಗಿ ಅದೇ ದೇಶದ ಪ್ರೀತಿಗೂ ಪಾತ್ರರಾದರು. ಅಂಚೆ, ತಂತ್ರಜ್ಞಾನ, ಕೈಗಾರಿಕೆ, ಇಂಧನ, ಯುರೋಪ್, ಗಣಿ ಮುಷ್ಕರ, ಇರಾಕ್ ಯುದ್ಧ ಹೀಗೆ ಅವರು ಕೈಹಾಕಿದ ವಿಷಯಗಳು ಹತ್ತಾರು. ಇವೆಲ್ಲ ಬಿಡಿಬಿಡಿ ಅಧ್ಯಾಯಗಳೆಂದು ಓದಿದರೆ ತಲೆಬುಡ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಅವನ್ನೆಲ್ಲ ಹಿಡಿದಿಟ್ಟಿರುವುದು 1961ರ ಆ ಬಾಗಿಲಲ್ಲಿ ಎದ್ದ ಪ್ರಶ್ನೆ. ಜನರ ಮೇಲೆ ಅಧಿಕಾರ ನಡೆಸುವವನು ಆ ಅಧಿಕಾರವನ್ನು ಎಲ್ಲಿಂದ ಪಡೆದ, ಅವನನ್ನು ಇಳಿಸುವ ದಾರಿ ಜನರ ಕೈಯಲ್ಲಿದೆಯೇ?

ಮೊದಲು ಆ ವಿಚಿತ್ರ ಕಾನೂನನ್ನು ಅರ್ಥ ಮಾಡಿಕೊಳ್ಳೋಣ. ಬ್ರಿಟನ್ ಸಂಸತ್ತಿಗೂ ಎರಡು ಮನೆಗಳಿವೆ. ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ಗೆ ಜನ ನೇರವಾಗಿ ಆರಿಸುತ್ತಾರೆ. ಮೇಲ್ಮನೆ ನಮ್ಮ ರಾಜ್ಯಸಭೆಯಂಥದ್ದಲ್ಲ. ನಮ್ಮಲ್ಲಿ ಶಾಸಕರು ಮತ ಹಾಕಿ ರಾಜ್ಯಸಭೆಗೆ ಕಳಿಸುತ್ತಾರೆ, ಆರು ವರ್ಷಕ್ಕೆ ಅವಧಿ ಮುಗಿಯುತ್ತದೆ. ಅಲ್ಲಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಆಗ ಬಹುತೇಕ ಸದಸ್ಯರು ಹುಟ್ಟಿನಿಂದಲೇ ಬಂದವರು. ಯಾವುದೋ ಕಾಲದಲ್ಲಿ ರಾಜನೋ ರಾಣಿಯೋ ಒಬ್ಬನಿಗೆ ಡ್ಯೂಕ್, ಅರ್ಲ್, ವೈಕೌಂಟ್ ಎಂಬ ಪದವಿ ಕೊಟ್ಟರೆ ಅದು ಅವನ ಹಿರಿಯ ಮಗನಿಗೆ, ಆತನ ಹಿರಿಯ ಮಗನಿಗೆ ಇಳಿಯುತ್ತಾ ಹೋಗುತ್ತಿತ್ತು. ಪದವಿಯ ಜೊತೆಗೆ ಕಾನೂನು ಮಾಡುವ ಸದನದಲ್ಲಿ ಆಜೀವ ಪೀಠ. 1911ರ ಕಾಯ್ದೆ ಲಾರ್ಡ್ಸ್‌ನ ಹಲ್ಲು ಕಿತ್ತಿತ್ತು, ಹಣಕಾಸು ಮಸೂದೆಗಳನ್ನು ಅವರು ತಡೆಯುವಂತಿರಲಿಲ್ಲ. ಆದರೂ ಮನೆ ಇತ್ತು, ಪೀಠ ಇತ್ತು.

ಲಾರ್ಡ್ ಆದವನು ಕೆಳಮನೆಗೆ ಸ್ಪರ್ಧಿಸುವ ಹಾಗಿಲ್ಲ ಎಂಬುದು ಇದರ ಇನ್ನೊಂದು ಮುಖ. ಈ ಪದವಿ ಬೇಡ ಎಂದು ಹೇಳಲು ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ. ಅಪ್ಪನ ಉಸಿರು ನಿಂತ ಗಳಿಗೆಯಲ್ಲೇ ಮಗ ಲಾರ್ಡ್.

ಬೆನ್ ಹುಟ್ಟಿದ್ದು 1925ರ ಏಪ್ರಿಲ್ 3ರಂದು, ಲಂಡನ್ನಿನಲ್ಲಿ. ರಾಜಕೀಯ ಮನೆಯಲ್ಲೇ ಇತ್ತು. ಅಜ್ಜಂದಿರಿಬ್ಬರೂ ಲಿಬರಲ್ ಪಕ್ಷದ ಸಂಸದರು. ತಂದೆ ವಿಲಿಯಂ ವೆಜ್‌ವುಡ್ ಬೆನ್ ಲಿಬರಲ್ ಪಕ್ಷ ಬಿಟ್ಟು ಲೇಬರ್ ಸೇರಿದವರು, 1929ರಿಂದ 1931ರವರೆಗೆ ಭಾರತ ಸಚಿವರಾಗಿದ್ದವರು. ನಮ್ಮ ದೇಶದ ಆಡಳಿತಕ್ಕೆ ಬ್ರಿಟಿಷ್ ಸಂಪುಟದಲ್ಲಿ ಹೊಣೆಗಾರರಾಗಿದ್ದ ಮಂತ್ರಿ ಅವರೇ. ಭಾರತಕ್ಕೆ ಡೊಮಿನಿಯನ್ ಸ್ಥಾನಮಾನವೇ ಗುರಿ ಎಂದು ವೈಸ್‌ರಾಯ್ ಇರ್ವಿನ್ 1929ರ ಅಕ್ಟೋಬರ್‌ನಲ್ಲಿ ಘೋಷಿಸಿದ್ದು ಅವರ ಕಾಲದಲ್ಲಿ. ದಂಡಿಯಲ್ಲಿ ಗಾಂಧೀಜಿ ಉಪ್ಪು ಹಿಡಿದದ್ದು, ನಮ್ಮ ಅಂಕೋಲೆಯ ಕಡಲ ದಂಡೆಯಲ್ಲಿ ಜನ ಕಾನೂನು ಮುರಿದು ಉಪ್ಪು ತಯಾರಿಸಿದ್ದು, ಸಾವಿರಾರು ಸತ್ಯಾಗ್ರಹಿಗಳು ಜೈಲು ಸೇರಿದ್ದು ಕೂಡ ಅದೇ ಕಾಲ. ಲೇಬರ್ ಸರ್ಕಾರವೆಂದು ಲಾಠಿ ಮೆತ್ತಗಾಗಲಿಲ್ಲ ಎಂಬುದನ್ನು ನಾವು ಮರೆಯಬೇಕಿಲ್ಲ. 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆಂದು ಗಾಂಧೀಜಿ ಲಂಡನ್ನಿಗೆ ಹೋದಾಗ ಆರು ವರ್ಷದ ಬೆನ್ ಅವರನ್ನು ಕಂಡಿದ್ದ. ಮುಂದೆ ಇಡೀ ಬದುಕು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಚರ್ಚಿಲ್ ನೇತೃತ್ವದ ಸರ್ವಪಕ್ಷ ಸರ್ಕಾರವಿತ್ತು. ಮೇಲ್ಮನೆಯಲ್ಲಿ ಲೇಬರ್ ಪಕ್ಷದ ಪರ ಮಾತಾಡುವವರೇ ಕಡಿಮೆ. ಹಾಗಾಗಿ 1942ರಲ್ಲಿ ವೆಜ್‌ವುಡ್ ಬೆನ್ ಅವರನ್ನು ವೈಕೌಂಟ್ ಸ್ಟಾನ್ಸ್‌ಗೇಟ್ ಮಾಡಿ ಅಲ್ಲಿಗೆ ಕಳಿಸಿದರು. ಒಪ್ಪುವ ಮುನ್ನ ಅವರು ಹಿರಿಯ ಮಗ ಮೈಕೆಲ್‌ನನ್ನು ಕೇಳಿದ್ದರು. ಮೈಕೆಲ್‌ಗೆ ಪಾದ್ರಿಯಾಗುವ ಆಸೆ, ಸಂಸತ್ತಿನ ಗೊಡವೆ ಬೇಕಿರಲಿಲ್ಲ, ಒಪ್ಪಿದ. ಆದರೆ ವಾಯುಪಡೆಯಲ್ಲಿದ್ದ ಮೈಕೆಲ್ 1944ರ ಜೂನ್‌ನಲ್ಲಿ ಪ್ರಾಣ ಕಳೆದುಕೊಂಡ. ಬರಲಿರುವ ಪದವಿ ಎರಡನೆಯವನಾದ, ರಾಜಕೀಯವನ್ನೇ ಉಸಿರಾಡುತ್ತಿದ್ದ ಟೋನಿಯ ಹೆಗಲಿಗೆ ಬಿತ್ತು. ಆಗ ಅವನಿಗೆ 19 ವರ್ಷ.

1950ರಲ್ಲಿ ಸ್ಟಾಫರ್ಡ್ ಕ್ರಿಪ್ಸ್ ಅನಾರೋಗ್ಯದಿಂದ ಸಂಸತ್ ಸ್ಥಾನ ಬಿಟ್ಟರು. 1942ರಲ್ಲಿ ಸಂಧಾನಕ್ಕೆಂದು ಭಾರತಕ್ಕೆ ಬಂದು ಬರಿಗೈಲಿ ಮರಳಿದ ಅದೇ ಕ್ರಿಪ್ಸ್. ಅವರ ಬ್ರಿಸ್ಟಲ್ ಆಗ್ನೇಯ ಕ್ಷೇತ್ರದಲ್ಲಿ 25 ವರ್ಷದ ಬೆನ್ ಗೆದ್ದರು. ಗೆದ್ದ ದಿನದಿಂದಲೇ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. 1955ರಲ್ಲಿ, ತಂದೆ ಬದುಕಿರುವಾಗಲೇ, ಈ ಉತ್ತರಾಧಿಕಾರ ತನಗೆ ಬೇಡ ಎಂದು ವೈಯಕ್ತಿಕ ಮಸೂದೆ ತಂದು ನೋಡಿದರು. ತಂದೆಯೂ ಮಗನ ಪರ. ಲಾರ್ಡ್ಸ್ ಒಪ್ಪಲಿಲ್ಲ. 1960ರ ನವೆಂಬರ್ 17ರಂದು ತಂದೆ ತೀರಿಕೊಂಡರು, ಬೆನ್ ಸಂಸತ್ ಸ್ಥಾನ ಕಳೆದುಕೊಂಡರು. ತಂದೆಗಾಗಿ ದುಃಖಿಸುವ ಹೊತ್ತಿನಲ್ಲೇ ಮಗ ಕೆಲಸ ಕಳೆದುಕೊಂಡು, ಬೇಡದ ಬಿರುದೊಂದನ್ನು ಹೊತ್ತು ನಿಲ್ಲಬೇಕಾಯಿತು.

ಲೇಖನದ ಮೊದಲಲ್ಲಿ ಹೇಳಿದ ಉಪಚುನಾವಣೆ ನಡೆದದ್ದು ಈ ಖಾಲಿ ಸ್ಥಾನಕ್ಕೇ. ಅನರ್ಹನೆಂದು ಗೊತ್ತಿದ್ದೂ ಬೆನ್ ನಿಂತರು. ಅವರ ವಾದ ಸರಳ. ಲಾರ್ಡ್ಸ್‌ಗೆ ಬರಬೇಕೆಂದು ರಾಣಿಯ ಕರೆಪತ್ರ ಬಂದು, ಅದನ್ನು ಸ್ವೀಕರಿಸಿ, ಅಲ್ಲಿ ಕೂತರೆ ತಾನೇ ಕೆಳಮನೆಗೆ ಅನರ್ಹ? ನಾನು ಕರೆಪತ್ರವನ್ನೇ ಕೇಳಿಲ್ಲವಲ್ಲ! ನ್ಯಾಯಾಲಯದಲ್ಲಿ ತಾವೇ ನಿಂತು ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಪದವಿ ರಕ್ತದ ಮೂಲಕ ಬರುತ್ತದೆ, ಕರೆಪತ್ರ ಬಂದರೂ ಬಾರದಿದ್ದರೂ ಅದು ಇದ್ದೇ ಇದೆ ಎಂದರು.

ಹಾಗಾದರೆ ಮರುಚುನಾವಣೆ ನಡೆಸಬಹುದಿತ್ತಲ್ಲ, ಸೋತವರಿಗೆ ಸ್ಥಾನ ಕೊಟ್ಟದ್ದೇಕೆ? ಅದಕ್ಕೂ ಒಂದು ಹಳೆಯ ನಿಯಮವಿತ್ತು. ಅಭ್ಯರ್ಥಿ ಅನರ್ಹ ಎಂದು ಮತದಾರರಿಗೆ ಮೊದಲೇ ತಿಳಿದಿದ್ದರೆ, ಆ ಮತಗಳನ್ನು ಅವರು ಬೇಕೆಂದೇ ನೀರಿಗೆಸೆದಂತೆ ಎಂದು ಭಾವಿಸಬಹುದು. ಕನ್ಸರ್ವೇಟಿವ್ ಅಭ್ಯರ್ಥಿ ಮಾಲ್ಕಂ ಸೇಂಟ್ ಕ್ಲೇರ್ ಕಡೆಯವರು ಜಾಣತನದಿಂದ ಇದಕ್ಕೆ ಬೇಕಾದ ನೋಟಿಸುಗಳನ್ನು ಮತಗಟ್ಟೆಗಳ ಬಳಿ ಹಾಕಿದ್ದರು. 23,275 ಜನರ ಮತ ಲೆಕ್ಕಕ್ಕಿಲ್ಲದೆ ಹೋಯಿತು. ಇಷ್ಟಾಗಿ ಸೇಂಟ್ ಕ್ಲೇರ್ ಕೂಡ ಒಬ್ಬ ಲಾರ್ಡ್ ಪದವಿಯ ವಾರಸುದಾರರೇ. ಅವರ ಪದವಿ ಇನ್ನೂ ಬಂದಿರಲಿಲ್ಲ, ಅಷ್ಟೇ.

ಆಗಿನ ಕನ್ಸರ್ವೇಟಿವ್ ಸರ್ಕಾರಕ್ಕೆ ಈ ತೀರ್ಪು ಗೆಲುವೂ ಹೌದು, ಮುಜುಗರವೂ ಹೌದು. ಪಕ್ಷಭೇದ ಮರೆತು ಬೆನ್ ಪರ ನಿಂತವರಲ್ಲಿ ವೃದ್ಧ ಚರ್ಚಿಲ್ ಕೂಡ ಇದ್ದರು. ಸಂಸತ್ತಿನ ಎರಡೂ ಮನೆಗಳ ಜಂಟಿ ಸಮಿತಿ ಕೂತಿತು, ಕೊನೆಗೆ 1963ರ ಪಿಯರೇಜ್ ಕಾಯ್ದೆ ಬಂತು. ಆ ವರ್ಷ ಜುಲೈ 31ರ ಸಂಜೆ ಆರು ಗಂಟೆ ದಾಟಿದ ಮೇಲೆ ರಾಣಿಯ ಅಂಕಿತ ಬಿತ್ತು. 6 ಗಂಟೆ 22 ನಿಮಿಷಕ್ಕೆ ಬೆನ್ ಪದವಿ ತ್ಯಜಿಸಿದರು, ದೇಶದಲ್ಲೇ ಮೊದಲಿಗರಾಗಿ. ಕಾನೂನು ಬದಲಾದರೆ ಸ್ಥಾನ ಬಿಡುತ್ತೇನೆ ಎಂದು ಕೊಟ್ಟಿದ್ದ ಮಾತು ಉಳಿಸಿಕೊಂಡು ಸೇಂಟ್ ಕ್ಲೇರ್ ಸ್ಥಾನ ಬಿಟ್ಟುಕೊಟ್ಟರು. ಬ್ರಿಟಿಷ್ ಸಂಸದರು ನೇರವಾಗಿ ರಾಜೀನಾಮೆ ಕೊಡುವಂತಿಲ್ಲ. ಸಂಸದನಾಗಿ ಮುಂದುವರಿಯಲು ಅಡ್ಡಿಯಾಗುವಂಥ, ಹೆಸರಿಗಷ್ಟೇ ಇರುವ ಒಂದು ರಾಜಹುದ್ದೆಗೆ ಅರ್ಜಿ ಹಾಕಿ ಹೊರಬರಬೇಕು. ಸೇಂಟ್ ಕ್ಲೇರ್ ಹಾಗೆಯೇ ಬಂದರು. ಆಗಸ್ಟ್ 20ರ ಉಪಚುನಾವಣೆಯಲ್ಲಿ ಬೆನ್ ಮತ್ತೆ ಗೆದ್ದರು. ಈ ಸಲ ಬಾಗಿಲು ತೆರೆದಿತ್ತು.

ಆ ಕಾಯ್ದೆಯ ಮೊದಲ ದೊಡ್ಡ ಫಲ ದಕ್ಕಿದ್ದು ಮಾತ್ರ ಎದುರಾಳಿಗಳಿಗೆ. ಅಕ್ಟೋಬರ್‌ನಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ಅನಾರೋಗ್ಯದಿಂದ ಇಳಿದಾಗ ಕನ್ಸರ್ವೇಟಿವ್ ಪಕ್ಷ ಆರಿಸಿದ್ದು 14ನೆಯ ಅರ್ಲ್ ಆಫ್ ಹ್ಯೂಮ್ ಅವರನ್ನು. ಅವರು ಬೆನ್ ಗಳಿಸಿಕೊಟ್ಟ ಹಕ್ಕನ್ನೇ ಬಳಸಿ ಪದವಿ ಬಿಟ್ಟು, ಸರ್ ಅಲೆಕ್ ಡಗ್ಲಸ್ ಹ್ಯೂಮ್ ಆಗಿ ಉಪಚುನಾವಣೆ ಗೆದ್ದು ಬಂದರು. ನಡುವೆ ಕೆಲ ದಿನ ಬ್ರಿಟನ್ನಿನ ಪ್ರಧಾನಿ ಎರಡೂ ಮನೆಗಳ ಸದಸ್ಯರಾಗಿರಲಿಲ್ಲ. ವಂಶಪಾರಂಪರ್ಯ ಪದವಿ ಹೊಂದಿದ್ದ ಮಹಿಳೆಯರಿಗೆ ಲಾರ್ಡ್ಸ್‌ನಲ್ಲಿ ಕೂರುವ ಹಕ್ಕು ಸಿಕ್ಕಿದ್ದೂ ಇದೇ ಕಾಯ್ದೆಯಿಂದ.

ಕಾಯ್ದೆಯ ಮಿತಿಯನ್ನೂ ಗಮನಿಸಬೇಕು. ಪದವಿ ಬಿಟ್ಟವನು ತನ್ನ ಆಯುಷ್ಯದವರೆಗೆ ಮಾತ್ರ ಬಿಟ್ಟ ಹಾಗೆ. ವಂಶದಿಂದ ಅದು ಅಳಿಯುವುದಿಲ್ಲ. 2014ರಲ್ಲಿ ಬೆನ್ ತೀರಿಕೊಂಡಾಗ ಹಿರಿಯ ಮಗ ಸ್ಟೀಫನ್ ಮೂರನೆಯ ವೈಕೌಂಟ್ ಸ್ಟಾನ್ಸ್‌ಗೇಟ್ ಆದರು. 1999ರ ಸುಧಾರಣೆಯಲ್ಲಿ ವಂಶಪಾರಂಪರ್ಯ ಲಾರ್ಡ್‌ಗಳಲ್ಲಿ 92 ಮಂದಿಯನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಮೇಲ್ಮನೆಯಿಂದ ಹೊರಗೆ ಕಳಿಸಲಾಗಿತ್ತು. ಆ 92ರಲ್ಲಿ ಖಾಲಿಯಾದ ಲೇಬರ್ ಪೀಠವೊಂದಕ್ಕೆ 2021ರಲ್ಲಿ ಸ್ಟೀಫನ್ ಅವಿರೋಧವಾಗಿ ಆಯ್ಕೆಯಾದರು. ಬೆನ್ ಗೆದ್ದದ್ದು ಹೊರಹೋಗುವ ಹಕ್ಕನ್ನು, ಕಟ್ಟಡವನ್ನಲ್ಲ.

ಅದೇ 1963ರ ಬೇಸಿಗೆಯಲ್ಲಿ ಬ್ರಿಸ್ಟಲ್‌ನಲ್ಲಿ ಇನ್ನೊಂದು ಹೋರಾಟ ನಡೆದಿತ್ತು. ನಗರದ ಬಸ್ ಕಂಪನಿ ಕರಿಯರನ್ನೂ ಏಷ್ಯಾದವರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಬಸ್ ಕಾರ್ಮಿಕರ ಸ್ಥಳೀಯ ಸಂಘವೂ ಇದಕ್ಕೆ ಒತ್ತಾಸೆಯಾಗಿತ್ತು. ವೆಸ್ಟ್ ಇಂಡೀಸ್ ಮೂಲದ ಯುವಕರು ಪಾಲ್ ಸ್ಟೀಫನ್‌ಸನ್ ಮುಂದಾಳತ್ವದಲ್ಲಿ ಬಸ್ ಬಹಿಷ್ಕಾರಕ್ಕೆ ಕರೆಕೊಟ್ಟರು. ಬೆನ್ ಬಹಿರಂಗವಾಗಿ ಅವರ ಪರ ನಿಂತರು. ಕಾರ್ಮಿಕ ಸಂಘದವರ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದ ಲೇಬರ್ ನಾಯಕರು ಬೇಕಾದಷ್ಟು ಮಂದಿ ಇದ್ದ ಕಾಲ ಅದು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಮುಂದಿನ ತಿಂಗಳು ಕೆಲಸಕ್ಕೆ ಸೇರಿದ ಮೊದಲ ಬಿಳಿಯನಲ್ಲದ ಕಂಡಕ್ಟರ್ ಒಬ್ಬ ಸಿಖ್.

1964ರಲ್ಲಿ ಹೆರಾಲ್ಡ್ ವಿಲ್ಸನ್ ನೇತೃತ್ವದಲ್ಲಿ ಲೇಬರ್ ಗೆದ್ದು ಬೆನ್ ಅಂಚೆ ಮಂತ್ರಿಯಾದರು. ಅಂಚೆ ಚೀಟಿಯಲ್ಲಿ ದೇಶದ ಹೆಸರನ್ನೇ ಮುದ್ರಿಸದ ಒಂದೇ ದೇಶ ಬ್ರಿಟನ್. ಅರಸನ ಅಥವಾ ರಾಣಿಯ ತಲೆಯ ಚಿತ್ರವೇ ಅಲ್ಲಿ ದೇಶದ ಗುರುತು. ರಾಣಿಯ ತಲೆ ಇಲ್ಲದ, ಇಡೀ ಚೀಟಿಯನ್ನು ಚಿತ್ರಕ್ಕೆ ಬಿಟ್ಟುಕೊಡುವ ಅಂಚೆ ಚೀಟಿ ತರಬೇಕೆಂದು ಬೆನ್‌ಗೆ ಆಸೆ. 1965ರ ಮಾರ್ಚ್‌ನಲ್ಲಿ ಕಲಾವಿದ ಡೇವಿಡ್ ಜೆಂಟಲ್‌ಮನ್ ಬಿಡಿಸಿದ ಮಾದರಿಗಳನ್ನು ಹೊತ್ತು ಅರಮನೆಗೆ ಹೋದರು, ನೆಲದ ಮೇಲೆ ಮೊಣಕಾಲೂರಿ ಅವನ್ನೆಲ್ಲ ರಾಣಿಯ ಮುಂದೆ ಹರಡಿದರು. ರಾಣಿ ಬೇಡ ಎನ್ನಲಿಲ್ಲ, ಬೆನ್ ಗೆದ್ದೆನೆಂದು ನಂಬಿ ಮರಳಿದರು. ಆಮೇಲೆ ಅರಮನೆಯ ಅಧಿಕಾರಿಗಳ ದಾರಿಯಿಂದ ನಿಧಾನವಾಗಿ ತಣ್ಣೀರು ಬಿತ್ತು. ಕೊನೆಗೆ ರಾಣಿಯ ತಲೆ ಮೂಲೆಯಲ್ಲಿ ಸಣ್ಣ ನೆರಳುಚಿತ್ರವಾಗಿ ಉಳಿಯಿತು. ಬ್ರಿಟನ್ನಿನ ವಿಶೇಷ ಅಂಚೆ ಚೀಟಿಗಳ ಮೂಲೆಯಲ್ಲಿ ಆ ಪುಟ್ಟ ತಲೆ ಬಂದದ್ದು ಹೀಗೆ. ಯಾರೂ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನದೆ, ಎಲ್ಲರೂ ನಗುತ್ತಲೇ ಕೆಲಸ ಕೆಡಿಸಬಲ್ಲರು ಎಂಬ ಪಾಠ ಬೆನ್‌ಗೆ ಇಲ್ಲಿ ಸಿಕ್ಕಿತು.

1966ರಿಂದ 1970ರವರೆಗೆ ತಂತ್ರಜ್ಞಾನ ಮಂತ್ರಿ. ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನದ ಯೋಜನೆಯನ್ನು ಕೈಬಿಡಬಾರದೆಂದು ಅವರು ಹಟ ಹಿಡಿದದ್ದಕ್ಕೆ ಒಂದು ಕಾರಣ ಆ ವಿಮಾನ ತಯಾರಾಗುತ್ತಿದ್ದುದು ಬ್ರಿಸ್ಟಲ್ ಬಳಿಯ ಫಿಲ್ಟನ್‌ನಲ್ಲಿ, ಅವರ ಮತದಾರರ ಕೈಯಲ್ಲಿ. ಆಗಿನ ಬೆನ್ ಕ್ರಾಂತಿಕಾರಿಯೇನಲ್ಲ. ಯಂತ್ರ, ಯೋಜನೆ, ದೊಡ್ಡ ಕಂಪನಿಗಳ ವಿಲೀನ ಇವುಗಳಿಂದ ದೇಶ ಉದ್ಧಾರವಾಗುತ್ತದೆ ಎಂದು ನಂಬಿದ್ದ ಉತ್ಸಾಹಿ ಮಂತ್ರಿ. ಸಾಮಾನ್ಯವಾಗಿ ರಾಜಕಾರಣಿಗಳು ಅಧಿಕಾರದ ರುಚಿ ಕಂಡ ಮೇಲೆ ಬಲಕ್ಕೆ ವಾಲುತ್ತಾರೆ. ಬೆನ್ ಅಧಿಕಾರದಲ್ಲಿದ್ದುದರಿಂದಲೇ ಎಡಕ್ಕೆ ಸರಿದರು. ಮಂತ್ರಿಯ ಕುರ್ಚಿಯಲ್ಲಿ ಕೂತಾಗಲೇ ಅವರಿಗೆ ಗೊತ್ತಾದದ್ದು, ನಿಜವಾದ ತೀರ್ಮಾನಗಳು ಅಧಿಕಾರಿಗಳ, ಬ್ಯಾಂಕುಗಳ, ದೊಡ್ಡ ಕಂಪನಿಗಳ ಕೈಯಲ್ಲಿವೆ, ಅವರನ್ನು ಯಾವ ಮತದಾರನೂ ಆರಿಸಿಲ್ಲ, ಇಳಿಸಲೂ ಆಗದು ಎಂದು. 1971ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ನದಿ ದಂಡೆಯ ಹಡಗುಕಟ್ಟೆಗಳನ್ನು ಮುಚ್ಚಲು ಹೊರಟಾಗ ಕಾರ್ಮಿಕರು ಮುಷ್ಕರ ಹೂಡಲಿಲ್ಲ. ಬದಲಿಗೆ ಕಟ್ಟೆಯನ್ನು ತಾವೇ ವಹಿಸಿಕೊಂಡು ಹಡಗು ಕಟ್ಟುವುದನ್ನು ಮುಂದುವರಿಸಿದರು. ಬೆನ್ ಅವರ ಜೊತೆ ಬೀದಿಯಲ್ಲಿ ನಡೆದರು. ಆಮೇಲೆ ಹೆಸರನ್ನೂ ಮೊಟಕುಗೊಳಿಸಿಕೊಂಡರು. ಆಂಥನಿ ವೆಜ್‌ವುಡ್ ಬೆನ್ ಎಂಬ ಉದ್ದನೆಯ ಹೆಸರು ಟೋನಿ ಬೆನ್ ಆಯಿತು.

1974ರಲ್ಲಿ ಕೈಗಾರಿಕಾ ಖಾತೆ ಸಿಕ್ಕಿದಾಗ ಕ್ಲೈಡ್‌ನಲ್ಲಿ ಕಂಡದ್ದನ್ನು ಸರ್ಕಾರದ ನೀತಿಯಾಗಿಸಲು ಹೊರಟರು. ಮೆರಿಡನ್‌ನ ಟ್ರಯಂಫ್ ಮೋಟಾರ್‌ಸೈಕಲ್ ಕಾರ್ಖಾನೆಯನ್ನು ಮಾಲೀಕರು ಮುಚ್ಚುತ್ತೇವೆಂದಾಗ ಕಾರ್ಮಿಕರು ಗೇಟಿಗೆ ಅಡ್ಡ ಕೂತಿದ್ದರು. ಬೆನ್ ಸುಮಾರು 50 ಲಕ್ಷ ಪೌಂಡ್ ನೆರವು ಕೊಡಿಸಿ ಅದನ್ನು ಕಾರ್ಮಿಕರದೇ ಸಹಕಾರ ಸಂಘವಾಗಿ ಮಾಡಿದರು. ಇಂಥ ಇನ್ನೆರಡು ಪ್ರಯೋಗಗಳೂ ನಡೆದವು. ಒಂದು ಪತ್ರಿಕೆ, ಒಂದು ಕಾರ್ಖಾನೆ. ಪತ್ರಿಕೆ ಆರು ತಿಂಗಳಲ್ಲಿ ನಿಂತಿತು, ಕಾರ್ಖಾನೆ 1979ರಲ್ಲಿ ಮುಚ್ಚಿತು, ಮೆರಿಡನ್ 1983ರವರೆಗೆ ಉಸಿರು ಹಿಡಿದಿತ್ತು. ಸೋತ ಪ್ರಯೋಗಗಳೆಂದು ಇವನ್ನು ತಳ್ಳಿಹಾಕುವುದು ಸುಲಭ. ಆದರೆ ಮಾಲೀಕರೇ ನಡೆಸಲಾಗದೆ ಕೈಚೆಲ್ಲಿದ, ಹಳೆಯ ಯಂತ್ರಗಳ, ಮಾರುಕಟ್ಟೆ ಕಳೆದುಕೊಂಡ ಕಂಪನಿಗಳನ್ನಷ್ಟೇ ಕಾರ್ಮಿಕರಿಗೆ ಕೊಟ್ಟು, ನೋಡಿ ಇವರಿಂದ ಆಗಲಿಲ್ಲ ಎನ್ನುವುದು ನ್ಯಾಯವಾದ ಪರೀಕ್ಷೆಯಲ್ಲ.

ಯುರೋಪಿನ ವಿಷಯಕ್ಕೆ ಬರೋಣ, ಏಕೆಂದರೆ ಇಲ್ಲಿ ಬೆನ್ ಬಗ್ಗೆ ಇಂದಿಗೂ ಗೊಂದಲವಿದೆ. ಬ್ರಿಟನ್ 1973ರಲ್ಲಿ ಯುರೋಪಿಯನ್ ಸಮುದಾಯ, ಅಂದರೆ ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ, ಸೇರಿತು. ಸೇರುವ ಮೊದಲು ಜನಮತಗಣನೆ ಆಗಬೇಕೆಂದು ಪಕ್ಷದೊಳಗೆ ಮೊದಲು ಪಟ್ಟು ಹಿಡಿದವರು ಬೆನ್. ಆಗ ಅವರ ಪರ ನಿಲ್ಲಲು ಯಾರೂ ಇರಲಿಲ್ಲ. 1975ರ ಜೂನ್ 5ರಂದು ಇಡೀ ದೇಶದ ಮಟ್ಟದ ಮೊದಲ ಜನಮತಗಣನೆ ನಡೆಯಿತು. ಮಂತ್ರಿಗಳು ತಮಗೆ ಬೇಕಾದ ಕಡೆ ಪ್ರಚಾರ ಮಾಡಲು ವಿಲ್ಸನ್ ಬಿಟ್ಟುಕೊಟ್ಟರು, ಬೆನ್ ಹೊರಬರೋಣ ಎಂದು ಪ್ರಚಾರ ಮಾಡಿದರು. ಶೇ 67.2 ಮಂದಿ ಉಳಿಯೋಣ ಎಂದರು. ವಿಲ್ಸನ್ ಸಮಯ ಕಾದು ಬೆನ್ ಅವರಿಂದ ಕೈಗಾರಿಕಾ ಖಾತೆ ಕಿತ್ತು ಇಂಧನ ಖಾತೆಗೆ ತಳ್ಳಿದರು. ಬೆನ್ ವಿರೋಧಕ್ಕೆ ಪರದೇಶಿಗಳ ಮೇಲಿನ ದ್ವೇಷ ಕಾರಣವಲ್ಲ. ಯುರೋಪಿಯನ್ ಸಮುದಾಯದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಕಾನೂನು ಮಾಡುವವರನ್ನು ಬ್ರಿಸ್ಟಲ್‌ನ ಮತದಾರ ಇಳಿಸಲಾರ ಎಂಬುದು ಅವರ ಆಕ್ಷೇಪ. 2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ಬಲಪಂಥ ಇದೇ ಮಾತನ್ನು ವಲಸೆಯ ಭಯಕ್ಕೆ ಬೆರೆಸಿ ಗೆದ್ದಿತು. ಬ್ರಿಸ್ಟಲ್ ಬಸ್ ಬಹಿಷ್ಕಾರದಲ್ಲಿ ನಿಂತವರನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ.

ಇಂಧನ ಮಂತ್ರಿಯಾಗಿ ಉತ್ತರ ಸಮುದ್ರದ ಮೊದಲ ತೈಲ ದಡ ಸೇರಿದಾಗ ಕವಾಟ ತಿರುಗಿಸಿದವರು ಅವರೇ. 1976ರಲ್ಲಿ ಪೌಂಡ್ ಕುಸಿದು, ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 390 ಕೋಟಿ ಡಾಲರ್ ಸಾಲ ಕೇಳಿತು. ಸಾಲದ ಷರತ್ತು ಖರ್ಚು ಕಡಿತ. ಬೆನ್ 1931ರ ಸಂಪುಟ ಸಭೆಯ ನಡಾವಳಿಯನ್ನು ತಂದು ಸಹೋದ್ಯೋಗಿಗಳಿಗೆ ಹಂಚಿದರು. ಬ್ಯಾಂಕುಗಳ ಒತ್ತಡಕ್ಕೆ ಮಣಿಯುವುದೋ ಬೇಡವೋ ಎಂದು ಒಡೆದುಹೋದ ಆ ಹಿಂದಿನ ಲೇಬರ್ ಸಂಪುಟದಲ್ಲಿ ಅವರ ತಂದೆಯೂ ಇದ್ದರು. ಸಹೋದ್ಯೋಗಿಗಳು ಓದಿದರು, ಸಾಲಕ್ಕೆ ಒಪ್ಪಿದರು. ಬೆನ್ ರಾಜೀನಾಮೆ ಕೊಡಲಿಲ್ಲ. ಒಪ್ಪದ ನೀತಿಯ ಸರ್ಕಾರದಲ್ಲಿ 1979ರವರೆಗೆ ಕೂತೇ ಇದ್ದರು. ಇದು ಅವರ ಮೇಲಿನ ನಿಜವಾದ ಟೀಕೆ, ಅಭಿಮಾನಿಗಳು ಇದಕ್ಕೆ ಸರಿಯಾದ ಉತ್ತರ ಕೊಟ್ಟಿಲ್ಲ.

1979ರಲ್ಲಿ ಮಾರ್ಗರೆಟ್ ಥ್ಯಾಚರ್ ಗೆದ್ದರು. ಸೋತ ಲೇಬರ್ ಪಕ್ಷದಲ್ಲಿ ಒಳಜಗಳ ಭುಗಿಲೆದ್ದಿತು, ಅದರ ಕೇಂದ್ರದಲ್ಲಿ ಬೆನ್. ಈ ಜಗಳ ಹೊರಗಿನವರಿಗೆ ಬರೀ ಕುರ್ಚಿ ಕಾದಾಟದಂತೆ ಕಾಣುತ್ತದೆ. ಒಳಗಿದ್ದದ್ದು ಮೂರು ನಿಯಮಗಳ ಪ್ರಶ್ನೆ.

ಮೊದಲನೆಯದು ಟಿಕೆಟ್. ಲೇಬರ್‌ನ ಭದ್ರ ಕ್ಷೇತ್ರವೊಂದರಲ್ಲಿ ಒಮ್ಮೆ ಬಿ ಫಾರಂ ಸಿಕ್ಕರೆ ಆ ಸಂಸದ ಸಾಯುವವರೆಗೆ ಸಂಸದ. ಪಕ್ಷದ ಸ್ಥಳೀಯ ಸದಸ್ಯರಿಗೆ ಬದಲಿಸುವ ದಾರಿಯಿಲ್ಲ. ಪ್ರತಿ ಚುನಾವಣೆಗೂ ಮುನ್ನ ಸ್ಥಳೀಯ ಘಟಕ ಮತ್ತೆ ಆಯ್ಕೆ ಮಾಡಬೇಕು ಎಂದರು ಬೆನ್ ಕಡೆಯವರು. ಟಿಕೆಟ್ ಎಂದರೆ ಹೈಕಮಾಂಡ್ ಕಡೆ ಮುಖ ಮಾಡುವ ನಮ್ಮ ಪಕ್ಷಗಳ ರೂಢಿ ಬಲ್ಲವರಿಗೆ ಈ ಬೇಡಿಕೆಯ ತೂಕ ಗೊತ್ತಾಗುತ್ತದೆ. ಎರಡನೆಯದು ನಾಯಕನ ಆಯ್ಕೆ. ಅಲ್ಲಿಯವರೆಗೆ ಸಂಸದರು ಮಾತ್ರ ನಾಯಕನನ್ನು ಆರಿಸುತ್ತಿದ್ದರು. ಪಕ್ಷದ ಸದಸ್ಯರಿಗೂ ಕಾರ್ಮಿಕ ಸಂಘಗಳಿಗೂ ಮತ ಬೇಕು ಎಂದರು. ಮೂರನೆಯದು ಪ್ರಣಾಳಿಕೆಯನ್ನು ಯಾರು ಬರೆಯಬೇಕು ಎಂಬುದು, ಅದರಲ್ಲಿ ಅವರು ಸೋತರು. ಮೊದಲೆರಡರಲ್ಲಿ ಗೆದ್ದರು.

1981ರ ಜನವರಿ 24ರಂದು ವೆಂಬ್ಲಿಯ ವಿಶೇಷ ಸಮ್ಮೇಳನದಲ್ಲಿ ನಾಯಕನ ಆಯ್ಕೆಗೆ ಹೊಸ ಮತ ಲೆಕ್ಕ ಜಾರಿಗೆ ಬಂತು. ಕಾರ್ಮಿಕ ಸಂಘಗಳಿಗೆ ಶೇ 40, ಸಂಸದರಿಗೆ 30, ಕ್ಷೇತ್ರದ ಘಟಕಗಳಿಗೆ 30. ಮರುದಿನವೇ ಲೇಬರ್‌ನ ಮಾಜಿ ಮಂತ್ರಿಗಳಾದ ರಾಯ್ ಜೆಂಕಿನ್ಸ್, ಶರ್ಲಿ ವಿಲಿಯಮ್ಸ್, ಡೇವಿಡ್ ಓವೆನ್, ಬಿಲ್ ರಾಜರ್ಸ್ ಬೇರೆ ದಾರಿ ಘೋಷಿಸಿದರು. ಮಾರ್ಚ್‌ನಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಹುಟ್ಟಿತು. ಅಷ್ಟು ಸಾಲದೆಂಬಂತೆ ಬೆನ್ ಪಕ್ಷದ ಉಪನಾಯಕ ಸ್ಥಾನಕ್ಕೆ, ಆಗ ಆ ಸ್ಥಾನದಲ್ಲಿದ್ದ ಡೆನಿಸ್ ಹೀಲಿ ವಿರುದ್ಧ ನಿಂತರು. ಬೇಡ ಎಂದು ನಾಯಕ ಮೈಕೆಲ್ ಫುಟ್ ಹೇಳಿದರೂ ಕೇಳಲಿಲ್ಲ. ಇಡೀ ಬೇಸಿಗೆ ಪಕ್ಷ ತನ್ನೊಳಗೇ ಬಡಿದಾಡಿತು. ಸೆಪ್ಟೆಂಬರ್ 27ರಂದು ಬ್ರೈಟನ್‌ನಲ್ಲಿ ಎರಡನೆಯ ಸುತ್ತಿನ ಫಲಿತಾಂಶ: ಹೀಲಿ ಶೇ 50.426, ಬೆನ್ ಶೇ 49.574. ನೀಲ್ ಕಿನ್ನಕ್ ಸೇರಿದಂತೆ ಎಡಪಂಥದ ಕೆಲವು ಸಂಸದರು ಯಾರಿಗೂ ಮತ ಹಾಕದೆ ಕೂತದ್ದು ಫಲಿತಾಂಶವನ್ನು ತಿರುಗಿಸಿತು.

ಆ ಅಂಕಿಗಳ ಒಳಹೊಕ್ಕರೆ ಇನ್ನೊಂದು ವಿಷಯ ಕಾಣುತ್ತದೆ. ಕ್ಷೇತ್ರ ಘಟಕಗಳ ಮತಗಳಲ್ಲಿ ಐದರಲ್ಲಿ ನಾಲ್ಕು ಪಾಲು ಬೆನ್‌ಗೆ ಬಿದ್ದಿತ್ತು. ಕಾರ್ಮಿಕ ಸಂಘಗಳ ಮತ ಮಾತ್ರ ಬೇರೆಯೇ ಬಗೆಯದು. ಹತ್ತು ಲಕ್ಷ ಸದಸ್ಯರ ಸಂಘವಾದರೆ ಅದರ ಪ್ರತಿನಿಧಿ ತಂಡ ಹತ್ತು ಲಕ್ಷ ಮತಗಳನ್ನೂ ಒಟ್ಟಾಗಿ ಒಬ್ಬನಿಗೇ ಹಾಕಬಹುದಿತ್ತು. ಸಾಮಾನ್ಯ ಸದಸ್ಯ ಏನೆಂದ ಎಂಬುದು ಗೌಣ. ಸಾರ್ವಜನಿಕ ನೌಕರರ ದೊಡ್ಡ ಸಂಘವೊಂದು ತನ್ನ ಶಾಖೆಗಳನ್ನು ನಿಜವಾಗಿ ಕೇಳಿದಾಗ ಅವರು ಹೀಲಿಯನ್ನು ಆರಿಸಿದರು. ಸಾರಿಗೆ ಕಾರ್ಮಿಕರ ಸಂಘದಲ್ಲಿ ಸದಸ್ಯರ ಒಲವು ಹೀಲಿ ಕಡೆ ಕಂಡರೂ ಪ್ರತಿನಿಧಿಗಳು ಕೊನೆಯ ಸುತ್ತಿನಲ್ಲಿ ಬೆನ್‌ಗೆ ಹಾಕಿದರು. ಹುಟ್ಟಿನಿಂದ ಬಂದ ಅಧಿಕಾರವನ್ನು ಪ್ರಶ್ನಿಸಿದ ಮನುಷ್ಯ, ಬೇರೆಯವರ ಹೆಸರಲ್ಲಿ ಕೆಲವೇ ಮಂದಿ ಎತ್ತುವ ಈ ಗುಂಪುಮತವನ್ನು ಅಷ್ಟೇ ಗಟ್ಟಿಯಾಗಿ ಪ್ರಶ್ನಿಸಬೇಕಿತ್ತು. ಪ್ರಶ್ನಿಸಲಿಲ್ಲ, ಏಕೆಂದರೆ ಆಗ ಅದು ಅವರ ಕಡೆಗಿತ್ತು. ಬೆನ್ ಬಗ್ಗೆ ಎಷ್ಟು ಗೌರವವಿದ್ದರೂ ಇದನ್ನು ಹೇಳದೆ ಇರಲಾರೆ.

1983ರ ಚುನಾವಣೆಯಲ್ಲಿ ಲೇಬರ್‌ಗೆ ಸಿಕ್ಕಿದ್ದು ಶೇ 27.6 ಮತ, 209 ಸ್ಥಾನ. ಕ್ಷೇತ್ರ ಮರುವಿಂಗಡಣೆಯಲ್ಲಿ ಬ್ರಿಸ್ಟಲ್‌ನ ಗಡಿ ಬದಲಾಗಿ ಬೆನ್ ಕೂಡ ಸೋತರು. ಬೇರೆ ಊರಿನ ಭದ್ರ ಕ್ಷೇತ್ರ ಹುಡುಕಿಕೊಳ್ಳದೆ ತಮ್ಮ ಮತದಾರರ ಜೊತೆಗೇ ನಿಂತು ಸೋತರು. 1984ರ ಮಾರ್ಚ್ 1ರಂದು ಗಣಿ ಪಟ್ಟಣ ಚೆಸ್ಟರ್‌ಫೀಲ್ಡ್‌ನ ಉಪಚುನಾವಣೆಯಲ್ಲಿ ಗೆದ್ದು ಮರಳಿದರು. ಅದೇ ತಿಂಗಳು ವರ್ಷವಿಡೀ ನಡೆದ ಗಣಿ ಮುಷ್ಕರ ಆರಂಭವಾಯಿತು. ಮುಂದಿನ ಹದಿನೇಳು ವರ್ಷ ಅವರು ಮಂತ್ರಿಯಾಗಲಿಲ್ಲ, ಪಕ್ಷದ ನಾಯಕನಾಗುವ ಅವರ ಕೊನೆಯ ಯತ್ನ 1988ರಲ್ಲಿ ದೊಡ್ಡ ಅಂತರದಿಂದ ಸೋತಿತು. ಸದನದೊಳಗಿನ ಅವರ ಒಂದು ಕೆಲಸ ಮಾತ್ರ ಹೇಳುತ್ತೇನೆ. ಮತದ ಹಕ್ಕಿಗಾಗಿ ಹೋರಾಡಿದ ಎಮಿಲಿ ವೈಲ್ಡಿಂಗ್ ಡೇವಿಸನ್ 1911ರ ಜನಗಣತಿಯ ರಾತ್ರಿ ಸಂಸತ್ ಭವನದ ಪ್ರಾರ್ಥನಾ ಮಂದಿರದ ಪೊರಕೆ ಇಡುವ ಕೋಣೆಯಲ್ಲಿ ಅಡಗಿದ್ದಳು. ತನ್ನ ವಿಳಾಸ ಹೌಸ್ ಆಫ್ ಕಾಮನ್ಸ್ ಎಂದು ದಾಖಲಾಗಲಿ, ಗಂಡಸರಂತೆ ಅಲ್ಲಿ ತನಗೂ ಜಾಗವಿದೆ ಎಂದು ತೋರಲಿ ಎಂಬುದು ಅವಳ ಉದ್ದೇಶ. ಬೆನ್ 1991ರಲ್ಲಿ ಆ ಕೋಣೆಯ ಬಾಗಿಲ ಹಿಂದೆ ತಮ್ಮ ಕೈಯಾರೆ ತಿರುಪು ಬಿಗಿದು ಅವಳ ನೆನಪಿನ ಫಲಕ ಹಾಕಿದರು.

2001ರಲ್ಲಿ ರಾಜಕೀಯಕ್ಕೆ ಹೆಚ್ಚು ಸಮಯ ಕೊಡಲೆಂದು ಸಂಸತ್ತು ಬಿಡುತ್ತಿದ್ದೇನೆ ಎಂದು ಹೇಳಿ ನಿವೃತ್ತರಾದರು. ಹೇಳಿದಂತೆಯೇ ಮಾಡಿದರು. ಇರಾಕ್ ಯುದ್ಧದ ವಿರುದ್ಧ ಲಂಡನ್ ಬೀದಿಗಿಳಿದ ಲಕ್ಷಾಂತರ ಜನರ ಮುಂದೆ 77ರ ವಯಸ್ಸಿನಲ್ಲಿ ಭಾಷಣ ಮಾಡಿದರು. ಆ ಕಾಲದ ಭಾಷಣಗಳಲ್ಲಿ ಅಧಿಕಾರಸ್ಥರಿಗೆ ಕೇಳಬೇಕಾದ ಐದು ಪ್ರಶ್ನೆಗಳನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು: ನಿಮಗಿರುವ ಅಧಿಕಾರ ಏನು, ಅದು ಎಲ್ಲಿಂದ ಬಂತು, ಯಾರ ಹಿತಕ್ಕೆ ಬಳಸುತ್ತೀರಿ, ಯಾರಿಗೆ ಉತ್ತರ ಕೊಡಬೇಕು, ನಿಮ್ಮನ್ನು ಇಳಿಸುವುದು ಹೇಗೆ. ಕೊನೆಯದಕ್ಕೆ ಉತ್ತರವಿಲ್ಲದ ವ್ಯವಸ್ಥೆ ಪ್ರಜಾಪ್ರಭುತ್ವವೇ ಅಲ್ಲ ಎನ್ನುತ್ತಿದ್ದರು. ಲಾರ್ಡ್ಸ್, ಬ್ರಸೆಲ್ಸ್, ಹಣಕಾಸು ನಿಧಿ, ಭದ್ರ ಕ್ಷೇತ್ರದ ಸಂಸದ ಎಲ್ಲರ ಮೇಲಿನ ಅವರ ತಕರಾರು ಈ ಐದನೆಯದರಲ್ಲೇ ಇದೆ.

2014ರ ಮಾರ್ಚ್ 14ರಂದು 88ರ ವಯಸ್ಸಿನಲ್ಲಿ ಬೆನ್ ತೀರಿಕೊಂಡರು. ಅದೇ ತಿಂಗಳು ಲೇಬರ್ ಪಕ್ಷ 1981ರಲ್ಲಿ ಶುರುವಾದ ಶೇಕಡಾವಾರು ಹಂಚಿಕೆಯ ಪದ್ಧತಿಯನ್ನು ಪೂರ್ತಿ ಕೈಬಿಟ್ಟು, ಸದಸ್ಯನಿಗೊಂದು ಮತ ಎಂಬ ನಿಯಮ ತಂದಿತು. ಆ ನಿಯಮದಡಿ 2015ರಲ್ಲಿ ನಡೆದ ಮೊದಲ ಆಯ್ಕೆಯಲ್ಲೇ, ಬೆನ್ ಗರಡಿಯಲ್ಲಿ ಪಳಗಿದ ಜೆರೆಮಿ ಕಾರ್ಬಿನ್ ಶೇ 59.5 ಮತ ಪಡೆದು ನಾಯಕರಾದರು. ಮರುವರ್ಷ ಸಂಸದರು 172-40ರಿಂದ ಅವಿಶ್ವಾಸ ಸೂಚಿಸಿದರೂ ಸದಸ್ಯರು ಅವರನ್ನೇ ಮತ್ತೆ ಆರಿಸಿದರು. 2019ರ ಚುನಾವಣೆಯಲ್ಲಿ ಪಕ್ಷ 202 ಸ್ಥಾನಕ್ಕೆ ಕುಸಿದ ಮೇಲೆ ಕಾರ್ಬಿನ್ ಇಳಿದರು. ಅವರ ನಂತರ ಬಂದ ಕೀರ್ ಸ್ಟಾರ್ಮರ್ 2021ರಲ್ಲಿ ಹಳೆಯ ಹಂಚಿಕೆಯ ಪದ್ಧತಿಯನ್ನೇ ಮರಳಿ ತರಲು ಹೊರಟರು, ಕಾರ್ಮಿಕ ಸಂಘಗಳು ಒಪ್ಪದ್ದರಿಂದ ಹಿಂದೆ ಸರಿದರು. ಬದಲಿಗೆ ನಾಯಕ ಸ್ಥಾನಕ್ಕೆ ನಿಲ್ಲಬೇಕಾದರೆ ಶೇ 20ರಷ್ಟು ಸಂಸದರ ಬೆಂಬಲ ಬೇಕು ಎಂಬ ನಿಯಮ ಆ ವರ್ಷದ ಸಮ್ಮೇಳನದಲ್ಲಿ ಪಾಸಾಯಿತು.